ಸೆಕೆಂಡ್ ಹ್ಯಾಂಡ್ ಟರ್ಬೊ ಕಾರಿನ ಸ್ಪಾರ್ಕ್ ಪ್ಲಗ್: ಮೀಟರ್ ನೋಡಿ ಅಲ್ಲ, ಬಿಚ್ಚಿ ನೋಡಿ ನಿರ್ಧರಿಸಿ

ಚಿಕ್ಕಮಗಳೂರಿಗೆ ಜೋರು ಕಾರುಗಳ ಹುಚ್ಚು ಹೊಸದೇನಲ್ಲ. ಕಾಫಿ ತೋಟದ ಮಣ್ಣು ರಸ್ತೆಗಳಲ್ಲಿ ರ್‍ಯಾಲಿ ಕಾರುಗಳು ಧೂಳೆಬ್ಬಿಸಿಕೊಂಡು ಹೋಗುವುದನ್ನು ಬೇಲಿ ಪಕ್ಕ ನಿಂತು ನೋಡಿ ಬೆಳೆದವರು ಇಲ್ಲಿ ಬೇಕಾದಷ್ಟು ಜನ. ಏಷ್ಯಾ-ಪೆಸಿಫಿಕ್ ರ್‍ಯಾಲಿ ಚಾಂಪಿಯನ್‌ಶಿಪ್‌ನ ಸುತ್ತುಗಳೂ ಇಲ್ಲಿ ನಡೆದಿವೆ. ಆ ಹುಚ್ಚು ಈಗ ಸೆಕೆಂಡ್ ಹ್ಯಾಂಡ್ ಮಾರ್ಕೆಟ್ಟಿಗೆ ತಿರುಗಿದೆ. 2013ರಲ್ಲಿ ಬಂದ ಪೋಲೊ ಜಿಟಿ ಟಿಎಸ್‌ಐ, 2015ರ ಅಬಾರ್ತ್ ಪುಂಟೊ, 2017ರ ಆಕ್ಟೇವಿಯಾ ಆರ್‌ಎಸ್ ಇವೆಲ್ಲ ಈಗ ಹೊಸದಾಗಿ ಸಿಗುವುದಿಲ್ಲ. ಹಾಗಾಗಿ ಹಾಸನ, ಚಿಕ್ಕಮಗಳೂರಿನ ಹುಡುಗರು ಒಳ್ಳೆ ಗಾಡಿ ಹುಡುಕಿಕೊಂಡು ಬೆಂಗಳೂರು, ಕೊಚ್ಚಿವರೆಗೂ ಹೋಗುತ್ತಾರೆ. ತಂದ ಮೇಲೆ ಟೈರು ನೋಡುತ್ತಾರೆ, ಎಂಜಿನ್ ಆಯಿಲ್ ಬದಲಾಯಿಸುತ್ತಾರೆ. ಸ್ಪಾರ್ಕ್ ಪ್ಲಗ್ ವಿಚಾರ ಬಂದರೆ ಮಾತ್ರ "ಅದು ಬದಲಾಯಿಸೋದು 60,000 ಕಿಲೋಮೀಟರಿಗೆ ಅಲ್ವಾ? ಇನ್ನೂ 48 ಸಾವಿರ ಓಡಿದೆ, ಬಿಡಿ" ಅನ್ನುತ್ತಾರೆ.

ಈ ಲೆಕ್ಕ ಸೆಕೆಂಡ್ ಹ್ಯಾಂಡ್ ಗಾಡಿಗೆ ನಿಲ್ಲುವುದಿಲ್ಲ. ಮ್ಯಾನ್ಯುಯಲ್‌ನಲ್ಲಿ ಬರೆದ ಕಿಲೋಮೀಟರಿನ ಹಿಂದೆ ಕೆಲವು ಷರತ್ತುಗಳಿವೆ. ಕಂಪನಿ ಹೇಳಿದ ಪ್ಲಗ್ಗೇ ಒಳಗಿರಬೇಕು. ಎಂಜಿನ್ ಕಂಪನಿಯ ಮ್ಯಾಪಿನಲ್ಲೇ, ಅಂದರೆ ಎಂಜಿನ್ ಕಂಪ್ಯೂಟರಿಗೆ ಕಂಪನಿ ಹಾಕಿಕೊಟ್ಟ ಪ್ರೋಗ್ರಾಮಿನಲ್ಲೇ ಓಡುತ್ತಿರಬೇಕು. ಮೀಟರ್ ಹೇಳುವುದು ನಿಜವಾಗಿರಬೇಕು. ಆಯಿಲ್ ಸುಡದ, ಆರೋಗ್ಯವಾಗಿರುವ ಎಂಜಿನ್ ಆಗಿರಬೇಕು. ಬೇರೆಯವರು ನಾಲ್ಕೈದು ವರ್ಷ ಓಡಿಸಿದ ಕಾರಿನಲ್ಲಿ ಇದರಲ್ಲಿ ಯಾವುದನ್ನೂ ನಾವು ಕಣ್ಣಾರೆ ಕಂಡಿರುವುದಿಲ್ಲ. ಅದಕ್ಕೇ ನಾನು ಹೇಳುವುದು: ಗಾಡಿ ಮನೆಗೆ ಬಂದ ಮೊದಲ ತಿಂಗಳಲ್ಲೇ ಪ್ಲಗ್‌ಗಳನ್ನು ಬಿಚ್ಚಿ ನೋಡಿ. ಉತ್ತರ ಅಲ್ಲೇ ಇರುತ್ತದೆ.

ಮೊದಲು ಪ್ಲಗ್ ಹೇಗೆ ಸವೆಯುತ್ತದೆ ಅಂತ ನೋಡೋಣ. ಪ್ಲಗ್ಗಿನ ತುದಿಯಲ್ಲಿ ಎರಡು ಲೋಹದ ತುದಿಗಳಿವೆ. ಮಧ್ಯದ್ದು ಸೆಂಟರ್ ಎಲೆಕ್ಟ್ರೋಡ್. ಅದರ ಮೇಲೆ ಕೊಕ್ಕೆ ಹಾಗೆ ಬಾಗಿ ನಿಂತದ್ದು ಗ್ರೌಂಡ್ ಎಲೆಕ್ಟ್ರೋಡ್. ಇವೆರಡರ ನಡುವಿನ ಸಂದು, ಅಂದರೆ ಗ್ಯಾಪ್, ಹೆಚ್ಚಿನ ಕಾರುಗಳಲ್ಲಿ 0.7ರಿಂದ 1.1 ಮಿಲಿಮೀಟರ್. ಇಗ್ನಿಷನ್ ಕಾಯಿಲ್ ಸಾವಿರಾರು ವೋಲ್ಟ್ ಕಳಿಸಿ ಆ ಸಂದಿನಲ್ಲಿ ಪೆಟ್ರೋಲ್ ಹೊತ್ತಿಸುವ ಕಿಡಿ ಹಾರಿಸುತ್ತದೆ. ಪ್ರತಿ ಕಿಡಿಯೂ ಕಣ್ಣಿಗೆ ಕಾಣದಷ್ಟು ಲೋಹವನ್ನು ತಿನ್ನುತ್ತದೆ. ಮಳೆಗಾಲದಲ್ಲಿ ಹಳ್ಳದ ದಡ ಕೊರೆದುಕೊಂಡು ಹೋದ ಹಾಗೆ ಸಂದು ನಿಧಾನವಾಗಿ ಅಗಲವಾಗುತ್ತದೆ. ದಾಟಬೇಕಾದ ದೂರ ಜಾಸ್ತಿಯಾದಷ್ಟೂ ಕಾಯಿಲ್ ಹೆಚ್ಚು ವೋಲ್ಟ್ ಕೊಡಬೇಕು. ಅದೂ ಸಾಲದು ಅಂತ, ಎಲೆಕ್ಟ್ರೋಡಿನ ಚೂಪಾದ ಅಂಚುಗಳೂ ಸವೆದು ದುಂಡಗಾಗುತ್ತವೆ. ಕಿಡಿ ಚೂಪು ಅಂಚಿನಿಂದ ಸುಲಭವಾಗಿ ಹಾರುತ್ತದೆ, ದುಂಡು ತುದಿಯಿಂದ ಕಷ್ಟಪಡುತ್ತದೆ.

ಇಲ್ಲಿ ಟರ್ಬೊ ಕಾರಿನ ಕತೆಯೇ ಬೇರೆ. ಟರ್ಬೊ ಅಂದರೆ ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಪಂಪು. ಸಿಲಿಂಡರಿನೊಳಗೆ ಗಾಳಿ ಎಷ್ಟು ಒತ್ತಿ ತುಂಬಿರುತ್ತದೋ ಕಿಡಿ ಹಾರುವುದು ಅಷ್ಟು ಕಷ್ಟ. ಟರ್ಬೊ 1 ಬಾರ್ ಬೂಸ್ಟ್ (ಹೆಚ್ಚುವರಿ ಗಾಳಿ ಒತ್ತಡ) ಕೊಡುತ್ತಿದೆ ಅಂದರೆ ಸಾಮಾನ್ಯ ಎಂಜಿನ್ನಿಗಿಂತ ಸುಮಾರು ಎರಡು ಪಟ್ಟು ಗಾಳಿ ಒಳಗೆ ಸೇರಿದೆ ಅಂತ ಅರ್ಥ. ಅದೇ ಕಾರಣಕ್ಕೆ ಟರ್ಬೊ ಎಂಜಿನ್ನಿಗೆ ಗ್ಯಾಪ್ ಕಡಿಮೆ ಇಟ್ಟಿರುತ್ತಾರೆ, ಹೆಚ್ಚಾಗಿ 0.7, 0.8ರ ಆಸುಪಾಸು. ಅಲ್ಲಿ 0.2 ಮಿಲಿಮೀಟರ್ ಸವೆದರೂ ತೊಂದರೆ ಶುರುವಾಗುತ್ತದೆ. ಟರ್ಬೊ ಇಲ್ಲದ ಆಲ್ಟೋ ಅಷ್ಟು ಸವೆತವನ್ನು ತೋರಿಸಿಕೊಳ್ಳದೇ ಇರಬಹುದು.

ನಮ್ಮ ಕಡೆ ಇದು ಮೊದಲು ಗೊತ್ತಾಗುವುದು ಘಾಟಿಯಲ್ಲೇ. ಊರೊಳಗೆ, ಬೇಲೂರು ರೋಡಿನಲ್ಲಿ, ಹಾಸನದ ಬಿ.ಎಂ. ರೋಡಿನಲ್ಲಿ ಗಾಡಿ ಚೆನ್ನಾಗೇ ಓಡುತ್ತದೆ. ಗುಂಡ್ಯದಿಂದ ಸಕಲೇಶಪುರದ ಕಡೆ ಶಿರಾಡಿ ಹತ್ತುತ್ತಿದ್ದೀರಿ ಅಂದುಕೊಳ್ಳಿ. ಮುಂದೆ ಟ್ಯಾಂಕರ್, ನೀವು ಮೂರನೇ ಗೇರಿನಲ್ಲಿ 2,000 ಆರ್‌ಪಿಎಂ. ದಾರಿ ತೆರೆಯಿತು, ಆಕ್ಸಿಲರೇಟರ್ ಪೂರ್ತಿ ಒತ್ತಿದಿರಿ. ಈಗಿನ ಸಣ್ಣ ಟರ್ಬೊಗಳು ಹೆಚ್ಚಿನ ಟಾರ್ಕ್ (ಎಳೆಯುವ ಬಲ) ಕೊಡುವುದು ಇಂಥ ಕಡಿಮೆ ಆರ್‌ಪಿಎಂನಲ್ಲೇ. ಬೂಸ್ಟ್ ಪೂರ್ತಿ ಏರಿದೆ, ಸಿಲಿಂಡರ್ ಒತ್ತಡ ತಾರಕಕ್ಕೇರಿದೆ, ಕಾಯಿಲ್ ತನ್ನ ಮಿತಿಯಲ್ಲಿದೆ. ಪ್ಲಗ್ ಸವೆದಿದ್ದರೆ ಕಿಡಿ ತಪ್ಪುವುದು ಆ ಕ್ಷಣದಲ್ಲೇ. ಗಾಡಿ ಒಂದೆರಡು ಸಲ ಗುದ್ದಿದ ಹಾಗೆ ಜರ್ಕ್ ಹೊಡೆಯುತ್ತದೆ, ಪಿಕಪ್ ಒಮ್ಮೆಲೇ ಬಿಟ್ಟುಹೋಗುತ್ತದೆ, ಆಮೇಲೆ ಏನೂ ಆಗಿಲ್ಲವೇನೋ ಅನ್ನುವಂತೆ ಓಡುತ್ತದೆ. ಮೆಕ್ಯಾನಿಕ್‌ಗಳು "ಲೋಡಲ್ಲಿ ಮಿಸ್ಸಿಂಗ್ ಹೊಡೀತಿದೆ" ಅನ್ನುವುದು ಇದಕ್ಕೇ. ಕೊಟ್ಟಿಗೆಹಾರದ ಕಡೆ ಚಾರ್ಮಾಡಿ ಹತ್ತುವಾಗಲೂ ಇದೇ. ಓವರ್‌ಟೇಕ್ ಮಾಡುವ ಹೊತ್ತಿನಲ್ಲಿ ಪಿಕಪ್ ಬಿಟ್ಟುಹೋಗುವುದು ಪ್ರಾಣಕ್ಕೆ ಸಂಬಂಧಪಟ್ಟ ವಿಷಯ. ಪ್ಲಗ್ ಬಗ್ಗೆ ನಾನು ಇಷ್ಟು ಒತ್ತಿ ಹೇಳುವುದಕ್ಕೆ ಅದೇ ಕಾರಣ.

ಹಾಗಾದರೆ ಮುಳ್ಳಯ್ಯನಗಿರಿ ಹತ್ತಿ ಪರೀಕ್ಷೆ ಮಾಡಬಹುದಾ? 1,930 ಮೀಟರ್ ಎತ್ತರದಲ್ಲಿ ಗಾಳಿ ತೆಳುವಾಗಿರುತ್ತದೆ. ಟರ್ಬೊ ಇಲ್ಲದ ಎಂಜಿನ್ನಿನೊಳಗೆ ಅಲ್ಲಿ ಒತ್ತಡವೇ ಕಡಿಮೆ, ಹಾಗಾಗಿ ಸವೆದ ಪ್ಲಗ್ ಸಿಕ್ಕಿಬೀಳದೇ ಇರಬಹುದು. ಟರ್ಬೊ ಆದರೆ ಕೊರತೆಯಾದ ಗಾಳಿಯನ್ನು ತಾನೇ ದುಡಿದು ತುಂಬಿಸಿಕೊಳ್ಳುತ್ತದೆ, ಅದಕ್ಕೆ ಈ ರಿಯಾಯಿತಿ ಸಿಗುವುದಿಲ್ಲ. ಆದರೂ ಕೈಮರ ದಾಟಿದ ಮೇಲಿನ ಆ ಕಿರಿದಾದ ರಸ್ತೆ ಪರೀಕ್ಷೆ ಮಾಡುವ ಜಾಗ ಅಲ್ಲ, ಬಿಡಿ.

ಇನ್ನು ಪ್ಲಗ್ಗಿನ ಜಾತಿ. ಹಳೇ ಬಗೆಯ ನಿಕ್ಕಲ್ ಪ್ಲಗ್ಗಿನ ಮಧ್ಯದ ಎಲೆಕ್ಟ್ರೋಡ್ ದಪ್ಪ, ಸುಮಾರು 2.5 ಮಿಲಿಮೀಟರ್. ಇರಿಡಿಯಂನದ್ದು ಸೂಜಿಯ ಹಾಗೆ, 0.4ರಿಂದ 0.7 ಮಿಲಿಮೀಟರ್ ಅಷ್ಟೇ. ಅಷ್ಟು ಸಣ್ಣದಿದ್ದರೂ ಬಾಳಿಕೆ ಬರುವುದು ಯಾಕೆಂದರೆ ನಿಕ್ಕಲ್ 1,455 ಡಿಗ್ರಿಗೆ ಕರಗಿದರೆ ಇರಿಡಿಯಂ ಕರಗಲು 2,400 ಡಿಗ್ರಿ ದಾಟಬೇಕು. ಪ್ಲಾಟಿನಂ ನಡುವೆ ಬರುತ್ತದೆ, 1,768. ಸಣ್ಣ ತುದಿ ಇದ್ದಷ್ಟೂ ಕಿಡಿ ಕಡಿಮೆ ವೋಲ್ಟಿನಲ್ಲಿ ಹಾರುತ್ತದೆ, ಕಾಯಿಲ್ಲಿಗೂ ಹಗುರ.

ಆದರೆ ಇಲ್ಲೊಂದು ಸೂಕ್ಷ್ಮ ಇದೆ, ಇದು ಬಹಳ ಜನಕ್ಕೆ ಗೊತ್ತಿಲ್ಲ. ಪೊಟ್ಟಣದ ಮೇಲೆ ಇರಿಡಿಯಂ ಅಂತ ಬರೆದ ಮಾತ್ರಕ್ಕೆ ಅದು 1 ಲಕ್ಷ ಕಿಲೋಮೀಟರ್ ಬರುವುದಿಲ್ಲ. ಕೆಲವು ಪ್ಲಗ್‌ಗಳಲ್ಲಿ ಮಧ್ಯದ ತುದಿ ಮಾತ್ರ ಇರಿಡಿಯಂ, ಮೇಲಿನ ಕೊಕ್ಕೆ ಬರೀ ನಿಕ್ಕಲ್. ಎನ್‌ಜಿಕೆಯ ಇರಿಡಿಯಂ ಐಎಕ್ಸ್ ಹೀಗೇ ಇದೆ. ಮಧ್ಯದ್ದು ಗಟ್ಟಿಯಾಗಿದ್ದರೂ ಕೊಕ್ಕೆ ಸವೆದು ಗ್ಯಾಪ್ ಅಗಲವಾಗುತ್ತದೆ. ಅದೇ ಕಂಪನಿಯ ಲೇಸರ್ ಇರಿಡಿಯಂನಲ್ಲಿ ಕೊಕ್ಕೆಯ ಕೆಳಗೂ ಪ್ಲಾಟಿನಂ ಚೂರು ಇರುತ್ತದೆ. ದೀರ್ಘ ಬಾಳಿಕೆಯ ಮಾತು ಇಂಥವಕ್ಕೆ ಮಾತ್ರ ಒಪ್ಪುತ್ತದೆ. ಹಿಂದಿನ ಮಾಲೀಕ "ಇರಿಡಿಯಂ ಹಾಕ್ಸಿದೀನಿ, ಇನ್ನು ಯೋಚನೇನೇ ಇಲ್ಲ" ಅಂದರೆ ಯಾವ ಇರಿಡಿಯಂ ಅಂತ ಕೇಳಿ. ಪ್ಲಗ್ ಬಿಚ್ಚಿದಾಗ ಕೊಕ್ಕೆಯ ಒಳಮೈಯನ್ನು ಟಾರ್ಚ್ ಹಾಕಿ ನೋಡಿ. ಅಲ್ಲಿ ಬೆಸುಗೆ ಹಾಕಿದ ಸಣ್ಣ ಬಿಲ್ಲೆ ಕಂಡರೆ ಒಳ್ಳೆಯದು. ಬರೀ ಲೋಹವಿದ್ದು ಅದರಲ್ಲೇ ಗುಳಿ ಬಿದ್ದಿದ್ದರೆ ಆ ಪ್ಲಗ್ಗಿನ ಆಯಸ್ಸು ಮುಗಿದಿದೆ.

ಪ್ಲಗ್ಗಿನ ಮೈಮೇಲಿನ ನಂಬರನ್ನೂ ಓದಿ. ಎನ್‌ಜಿಕೆಯ ಬಿಕೆಆರ್6ಇಐಎಕ್ಸ್-11 ತಗೊಳ್ಳಿ. ಅದರಲ್ಲಿ 6 ಅಂದರೆ ಹೀಟ್ ರೇಂಜ್, ಕೊನೆಯ 11 ಅಂದರೆ 1.1 ಮಿಲಿಮೀಟರ್ ಗ್ಯಾಪ್. ಪ್ಲಗ್ ತನ್ನ ಬಿಸಿಯನ್ನು ಎಷ್ಟು ಬೇಗ ಎಂಜಿನ್ ಹೆಡ್ಡಿಗೆ ದಾಟಿಸುತ್ತದೆ ಅನ್ನುವುದೇ ಹೀಟ್ ರೇಂಜ್. ಪ್ಲಗ್ಗಿನ ತುದಿ ಸುಮಾರು 450 ಡಿಗ್ರಿಗಿಂತ ಬಿಸಿ ಇದ್ದರೆ ಮಸಿಯನ್ನು ತಾನೇ ಸುಟ್ಟುಕೊಳ್ಳುತ್ತದೆ. 850ರ ಹತ್ತಿರ ಹೋದರೆ ಕಿಡಿ ಬರುವ ಮೊದಲೇ ಪೆಟ್ರೋಲ್ ಹೊತ್ತಿಕೊಂಡು ಪಿಸ್ಟನ್ನಿಗೇ ಕುತ್ತು ಬರುತ್ತದೆ. ಪವರ್ ಜಾಸ್ತಿ ಮಾಡಿದ ಎಂಜಿನ್ನಿಗೆ ಬೇಗ ತಣ್ಣಗಾಗುವ ಪ್ಲಗ್, ಅಂದರೆ ಕೋಲ್ಡ್ ಪ್ಲಗ್ ಹಾಕುವುದು ಅದಕ್ಕೇ. ಎನ್‌ಜಿಕೆ ಮತ್ತು ಡೆನ್ಸೊದಲ್ಲಿ ನಂಬರ್ ದೊಡ್ಡದಾದಷ್ಟೂ ಕೋಲ್ಡ್. ಬಾಷ್‌ನಲ್ಲಿ ತಿರುಗಾಮುರುಗ, ನಂಬರ್ ಚಿಕ್ಕದಾದಷ್ಟೂ ಕೋಲ್ಡ್. ಪ್ಲಗ್ಗಿನ ಕಂಪನಿ ಬದಲಾಯಿಸುವಾಗ ನಂಬರ್ ನೋಡಿ ಹೊಂದಿಸಿದರೆ ಪೂರಾ ಉಲ್ಟಾ ಆಗುತ್ತದೆ. ಪ್ಲಗ್ ಕಂಪನಿಯದೇ ಹೋಲಿಕೆ ಪಟ್ಟಿ ನೋಡಬೇಕು.

ಈ ನಂಬರ್ ಇನ್ನೊಂದು ಗುಟ್ಟನ್ನೂ ಬಿಟ್ಟುಕೊಡುತ್ತದೆ. ಕೆ.ಎಂ. ರೋಡಿನ ಒಂದು ಗ್ಯಾರೇಜಿನಲ್ಲಿ ನಾನಿದ್ದಾಗ ಹುಡುಗನೊಬ್ಬ ಹೊಸದಾಗಿ ಕೊಂಡ ಟರ್ಬೊ ಗಾಡಿ ತಂದಿದ್ದ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ನಡುಗುತ್ತದೆ ಅನ್ನುವುದು ಅವನ ದೂರು. ಮೆಕ್ಯಾನಿಕ್ ಪ್ಲಗ್ ಬಿಚ್ಚಿ ಬಟ್ಟೆಯಲ್ಲಿ ಒರೆಸಿ ನಂಬರ್ ಓದಿದರು.

"ಏನಪ್ಪಾ, ಇದು ಮ್ಯಾಪ್ ಮಾಡ್ಸಿರೋ ಗಾಡಿನಾ?"

"ಇಲ್ಲಣ್ಣ, ಪೂರ್ತಿ ಸ್ಟಾಕ್, ಕಂಪನಿಯಿಂದ ಬಂದ ಹಾಗೇ ಇದೆ ಅಂತ ಹೇಳೇ ಕೊಟ್ಟಿದ್ದು."

"ಮತ್ತೆ ಒಂದು ನಂಬರ್ ಕೋಲ್ಡ್ ಪ್ಲಗ್ ಯಾಕೆ ಹಾಕಿದಾರೆ?"

ಕಾರು ಕಂಪನಿ ಹೇಳಿದ್ದಕ್ಕಿಂತ ಕೋಲ್ಡ್ ಪ್ಲಗ್ ಸಿಕ್ಕರೆ, ಗ್ಯಾಪನ್ನೂ ಕಡಿಮೆ ಮಾಡಿದ್ದರೆ, ಆ ಕಾರಿಗೆ ಯಾವಾಗಲೋ ರೀಮ್ಯಾಪ್ (ಪವರ್ ಹೆಚ್ಚಿಸಲು ಮ್ಯಾಪ್ ಬದಲಾಯಿಸುವುದು) ಆಗಿದೆ ಅನ್ನುವ ಅನುಮಾನ ಬರಲೇಬೇಕು. ಮಾರುವಾಗ ಮ್ಯಾಪ್ ತೆಗೆಸಿ ಪ್ಲಗ್ ಹಾಗೇ ಬಿಟ್ಟಿರಬಹುದು. ತೆಗೆಸದೆಯೂ ಇರಬಹುದು. ಅದನ್ನು ಸ್ಕ್ಯಾನ್ ಮಾಡಿಸಿ ತಿಳಿದುಕೊಂಡ ಮೇಲೇ ಯಾವ ಪ್ಲಗ್ ಅಂತ ನಿರ್ಧರಿಸಬೇಕು. ಮ್ಯಾಪ್ ಇನ್ನೂ ಇದ್ದರೆ ಸ್ಟಾಕ್ ಪ್ಲಗ್ ಹಾಕುವುದು ಅಪಾಯ. ಮ್ಯಾಪ್ ಇಲ್ಲದಿದ್ದರೆ ಕೋಲ್ಡ್ ಪ್ಲಗ್ ಇಟ್ಟುಕೊಳ್ಳುವುದರಲ್ಲಿ ಅರ್ಥವಿಲ್ಲ. ಮುಖ್ಯವಾಗಿ ನಮ್ಮ ಮಲೆನಾಡಿನ ಓಡಾಟಕ್ಕೆ ಅದು ಒಗ್ಗುವುದೇ ಇಲ್ಲ. ತೋಟದಿಂದ ಪೇಟೆಗೆ ಐದಾರು ಕಿಲೋಮೀಟರ್, ಮತ್ತೆ ವಾಪಸ್. ಡಿಸೆಂಬರಿನ ಚಳಿ, ಜುಲೈನ ಜಡಿಮಳೆ. ಎಂಜಿನ್ ಪೂರ್ತಿ ಬಿಸಿಯೇ ಆಗುವುದಿಲ್ಲ. ಕೋಲ್ಡ್ ಪ್ಲಗ್ ತನ್ನ ಮೇಲಿನ ಮಸಿ ಸುಟ್ಟುಕೊಳ್ಳದೆ ಕರಿ ಹಿಡಿಯುತ್ತದೆ. ಆ ಹುಡುಗನ ಗಾಡಿ ಬೆಳಿಗ್ಗೆ ನಡುಗುತ್ತಿದ್ದದ್ದು ಅದಕ್ಕೇ. ನಾಲ್ಕೂ ಪ್ಲಗ್ ಒಣ ಮಸಿಯಿಂದ ಕಪ್ಪಾಗಿದ್ದವು, ಗ್ಯಾಪ್ ಮಾತ್ರ ಹೊಸದರ ಹಾಗೇ ಇತ್ತು. ಕಿಲೋಮೀಟರ್ ಲೆಕ್ಕದಲ್ಲಿ ಆ ಪ್ಲಗ್‌ಗಳು ಇನ್ನೂ ಎಳೆಯವು. ಆದರೂ ಅವನ್ನು ಬದಲಾಯಿಸಲೇಬೇಕಿತ್ತು.

ಬಿಚ್ಚಿದ ಪ್ಲಗ್‌ಗಳನ್ನು ಯಾವತ್ತೂ ಒಂದೇ ಡಬ್ಬಿಗೆ ಸುರಿಯಬೇಡಿ. ನ್ಯೂಸ್‌ಪೇಪರ್ ಹಾಸಿ, ಪೆನ್ನಿನಲ್ಲಿ 1, 2, 3, 4 ಅಂತ ಬರೆದು, ಬಂದ ಸಿಲಿಂಡರಿನ ಕ್ರಮದಲ್ಲೇ ಇಡಿ. ಮಧ್ಯದ ಪಿಂಗಾಣಿ ತಿಳಿ ಕಂದು ಅಥವಾ ಬೂದು ಬಣ್ಣದಲ್ಲಿದ್ದರೆ ಎಂಜಿನ್ ಸರಿಯಾಗಿ ಉರಿಯುತ್ತಿದೆ. ಎಣ್ಣೆಯ ಹಸಿ, ಜಿಡ್ಡು ಕಪ್ಪು ಇದ್ದರೆ ಎಂಜಿನ್ ಆಯಿಲ್ ಒಳಗೆ ಬರುತ್ತಿದೆ. ವಾಲ್ವ್ ಸೀಲ್, ರಿಂಗ್ ಅಥವಾ ಟರ್ಬೊ ಕಡೆ ನೋಡಬೇಕು, ಹೊಸ ಪ್ಲಗ್ ಹಾಕಿದರೂ ಅದು ಮತ್ತೆ ಹಾಗೇ ಆಗುತ್ತದೆ. ಸುಣ್ಣದ ಹಾಗೆ ಬೆಳ್ಳಗಾಗಿ ಗುಳ್ಳೆ ಎದ್ದಿದ್ದರೆ ಪ್ಲಗ್ ಮಿತಿಮೀರಿ ಬಿಸಿಯಾಗಿದೆ. ಪಿಂಗಾಣಿ ಮೇಲೆ ಸಣ್ಣ ಹೊಳೆಯುವ ಚುಕ್ಕೆಗಳು ಕಂಡರೆ ಗಾಡಿ ಓಡಿಸುವುದನ್ನೇ ನಿಲ್ಲಿಸಿ ತಜ್ಞರಿಗೆ ತೋರಿಸಿ, ಅದು ಪಿಸ್ಟನ್ನಿನ ಅಲ್ಯೂಮಿನಿಯಂ ಆಗಿರಬಹುದು. ನಾಲ್ಕರಲ್ಲಿ ಮೂರು ಕಂದು ಬಣ್ಣದಲ್ಲಿದ್ದು ಒಂದು ಮಾತ್ರ ತೊಳೆದಿಟ್ಟ ಹಾಗೆ ಶುಭ್ರವಾಗಿದ್ದರೆ ಖುಷಿ ಪಡಬೇಡಿ. ಆ ಸಿಲಿಂಡರಿಗೆ ಕೂಲೆಂಟ್ ನೀರು ಸೋರುತ್ತಿರುವ ಸಾಧ್ಯತೆ ಇದೆ. ಹೊರಗಿನ ಪಿಂಗಾಣಿಯ ಬುಡದಲ್ಲಿ ಕಂದು ಉಂಗುರದಂಥ ಕಲೆ ಇದ್ದರೆ ಅದಕ್ಕೆ ಹೆದರಬೇಕಿಲ್ಲ. ಹೆಚ್ಚು ವೋಲ್ಟೇಜಿಗೆ ಸುತ್ತಲಿನ ಧೂಳು, ಎಣ್ಣೆ ಹಬೆ ಅಂಟಿ ಹಾಗಾಗುತ್ತದೆ. ಉದ್ದಕ್ಕೆ ಇಳಿದ ಸಣ್ಣ ಕರಿ ಗೆರೆ ಇದ್ದರೆ ಮಾತ್ರ ಕಿಡಿ ಅಡ್ಡದಾರಿ ಹಿಡಿದಿದೆ ಅಂತ ಅರ್ಥ. ಆಗ ಪ್ಲಗ್ ಜೊತೆಗೆ ಕಾಯಿಲ್ಲಿನ ರಬ್ಬರ್ ಬೂಟನ್ನೂ ಬದಲಾಯಿಸಬೇಕು.

ಪ್ಲಗ್ ಹೊರಗಿರುವಾಗಲೇ ಕಂಪ್ರೆಷನ್ ಟೆಸ್ಟ್, ಅಂದರೆ ಪ್ರತಿ ಸಿಲಿಂಡರ್ ಎಷ್ಟು ಒತ್ತಡ ಹಿಡಿಯುತ್ತದೆ ಅನ್ನುವ ಪರೀಕ್ಷೆ ಮಾಡಿಸಿಬಿಡಿ. ಹೇಗಿದ್ದರೂ ಅರ್ಧ ಕೆಲಸ ಆಗಿರುತ್ತದೆ. ಮಾರುವವರು ಒಪ್ಪಿದರೆ ಇದೆಲ್ಲವನ್ನೂ ದುಡ್ಡು ಕೊಡುವ ಮೊದಲೇ ಮಾಡಿಸುವುದು ಇನ್ನೂ ಒಳ್ಳೆಯದು.

ಮಿಸ್ಸಿಂಗ್ ಇದ್ದಾಗಲೆಲ್ಲ ಪ್ಲಗ್ಗೇ ಕಾರಣ ಅಂತಲೂ ಅಲ್ಲ. ಸ್ಕ್ಯಾನರ್ ಹಾಕಿದಾಗ ಪಿ0302 ಬಂದರೆ ಎರಡನೇ ಸಿಲಿಂಡರಿನಲ್ಲಿ ಮಿಸ್‌ಫೈರ್. ಎರಡನೆಯದರ ಕಾಯಿಲ್ ತೆಗೆದು ನಾಲ್ಕನೆಯದಕ್ಕೆ ಹಾಕಿ, ಅದರದ್ದನ್ನು ಇದಕ್ಕೆ ಹಾಕಿ, ಓಡಿಸಿ ನೋಡಿ. ಕೋಡ್ ಪಿ0304 ಆದರೆ ಕಾಯಿಲ್ ಹೋಗಿದೆ. ಪಿ0302 ಅಲ್ಲೇ ನಿಂತರೆ ಪ್ಲಗ್, ಇಂಜೆಕ್ಟರ್ ಅಥವಾ ಕಂಪ್ರೆಷನ್. ಮಳೆ ಬಂದ ಬೆಳಿಗ್ಗೆ ಅಥವಾ ಎಂಜಿನ್ ವಾಶ್ ಆದ ಮೇಲೆ ಮಾತ್ರ ಮಿಸ್ ಆಗುತ್ತಿದ್ದರೆ ನನ್ನ ಅನುಮಾನ ಮೊದಲು ಬೂಟ್ ಮೇಲೆ, ಪ್ಲಗ್ ಕೂರುವ ಗುಳಿಯಲ್ಲಿ ನೀರು ನಿಂತಿರುವುದರ ಮೇಲೆ. ಚೆಕ್ ಎಂಜಿನ್ ದೀಪ ಮಿಣುಕುತ್ತಿದ್ದರೆ ಮಾತ್ರ ತಡ ಮಾಡಬೇಡಿ, ಆಕ್ಸಿಲರೇಟರಿನಿಂದ ಕಾಲು ತೆಗೆದು ಗಾಡಿಯನ್ನು ಪಕ್ಕಕ್ಕೆ ಹಾಕಿ. ಉರಿಯದ ಪೆಟ್ರೋಲ್ ಸೈಲೆನ್ಸರ್ ಕಡೆ ಹೋಗಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿನೊಳಗೆ ಉರಿದು ಅದನ್ನೇ ಸುಟ್ಟುಬಿಡುತ್ತದೆ. ನಾಲ್ಕು ಪ್ಲಗ್ಗಿನ ಖರ್ಚು ಅದರ ಮುಂದೆ ಏನೂ ಅಲ್ಲ.

ಸವೆದ ಪ್ಲಗ್ಗನ್ನು ಎಮರಿ ಪೇಪರಿನಲ್ಲಿ ಉಜ್ಜಿ, ಕೊಕ್ಕೆ ತಟ್ಟಿ, ಮತ್ತೆ ಹಾಕುವ ಅಭ್ಯಾಸ ನಮ್ಮ ಗ್ಯಾರೇಜುಗಳಲ್ಲಿ ಇನ್ನೂ ಇದೆ. ಪದ್ಮಿನಿ, ಮಾರುತಿ 800 ಕಾಲದ ದಪ್ಪ ನಿಕ್ಕಲ್ ಪ್ಲಗ್‌ಗಳಿಗೆ ಅದು ನಡೆಯುತ್ತಿತ್ತು. ಸೂಜಿ ಮೊನೆಯ ಇರಿಡಿಯಂಗೆ ಅದನ್ನು ಮಾಡಲೇಬಾರದು. ತುದಿ ಮುರಿಯುತ್ತದೆ ಅಥವಾ ಬೆಸುಗೆ ಸಡಿಲವಾಗುತ್ತದೆ. ಗ್ಯಾಪ್ ಅಳೆಯುವಾಗಲೂ ಗೇಜನ್ನು ಮಧ್ಯದ ತುದಿಗೆ ಒತ್ತಬಾರದು.

ಬಿಚ್ಚುವ ಕೆಲಸದಲ್ಲಿ ಎರಡು ಮಾತು ಮುಖ್ಯ. ಎಂಜಿನ್ ಪೂರ್ತಿ ತಣ್ಣಗಿರಬೇಕು, ರಾತ್ರಿ ನಿಲ್ಲಿಸಿದ ಗಾಡಿಯನ್ನು ಬೆಳಿಗ್ಗೆ ಬಿಚ್ಚಿ. ಹೆಡ್ ಅಲ್ಯೂಮಿನಿಯಂ, ಬಿಸಿಯಲ್ಲಿ ಬಿಚ್ಚಿದರೆ ಥ್ರೆಡ್ ಕಿತ್ತುಬರಬಹುದು. ಎರಡನೆಯದು ನಮ್ಮ ತೋಟದ ರಸ್ತೆಯ ಕೆಂಪು ಧೂಳು. ಕಾಯಿಲ್ ತೆಗೆದ ಕೂಡಲೇ ಪ್ಲಗ್ ಗುಳಿಯೊಳಗೆ ಟಾರ್ಚ್ ಹಾಕಿ ನೋಡಿದರೆ ಸುತ್ತ ಪುಡಿ ಕೂತಿರುವುದು ಕಾಣುತ್ತದೆ. ಹಾಗೇ ಪ್ಲಗ್ ತಿರುಗಿಸಿದರೆ ಅದೆಲ್ಲ ಸಿಲಿಂಡರಿನೊಳಕ್ಕೆ. ಮೊದಲು ಗಾಳಿ ಹೊಡೆದು ಗುಳಿ ಸ್ವಚ್ಛ ಮಾಡಿ, ಆಮೇಲೆ ಸಾಕೆಟ್ ಇಳಿಸಿ. ಹೊಸ ಪ್ಲಗ್ಗನ್ನು ಮೊದಲು ಕೈಯಲ್ಲೇ ತಿರುಗಿಸಬೇಕು. ಅಲ್ಯೂಮಿನಿಯಂ ಹೆಡ್ಡಿಗೆ 14 ಎಂಎಂ ಥ್ರೆಡ್ ಆದರೆ ಸಾಮಾನ್ಯವಾಗಿ 25ರಿಂದ 30 ನ್ಯೂಟನ್ ಮೀಟರ್, 12 ಎಂಎಂ ಆದರೆ 15ರಿಂದ 20. ಮ್ಯಾನ್ಯುಯಲ್‌ನಲ್ಲಿ ಬೇರೆ ಇದ್ದರೆ ಅದೇ ಅಂತಿಮ. ಬಿಗಿತ ಅಳೆಯುವ ಟಾರ್ಕ್ ರೆಂಚ್ ಇಲ್ಲದ ಗ್ಯಾರೇಜಿನಲ್ಲಿ ಈ ಕೆಲಸ ಬೇಡ. ಥ್ರೆಡ್ಡಿಗೆ ಗ್ರೀಸ್ ಹಚ್ಚುವುದೂ ಬೇಡ. ಜಾರಿ ಬೇಕಾದ್ದಕ್ಕಿಂತ ಜಾಸ್ತಿ ಬಿಗಿಯಾಗುತ್ತದೆ. ಕೈತಪ್ಪಿ ನೆಲಕ್ಕೆ ಬಿದ್ದ ಹೊಸ ಪ್ಲಗ್ ಹಾಕಬೇಡಿ, ಒಳಗೆ ಪಿಂಗಾಣಿ ಬಿರುಕು ಬಿಟ್ಟಿದ್ದರೆ ಹೊರಗೆ ಕಾಣುವುದಿಲ್ಲ.

ಪ್ಲಗ್ಗಿನಲ್ಲಿ ನಕಲಿ ಮಾಲು ಬಹಳ. ಅರ್ಧ ಬೆಲೆಗೆ ಸಿಕ್ಕರೆ ತಗೊಳ್ಳಬೇಡಿ, ಕಂಪನಿಯ ಪಾರ್ಟ್ಸ್ ಕೌಂಟರ್ ಅಥವಾ ಅಧಿಕೃತ ಡೀಲರ್ ಹತ್ತಿರವೇ ಕೊಳ್ಳಿ.

ಈಗ ನಿರ್ಧಾರ. ಹಿಂದಿನ ಬಿಲ್ ಇಲ್ಲ, ಪ್ಲಗ್ ಯಾವಾಗ ಹಾಕಿದ್ದು ಗೊತ್ತಿಲ್ಲ ಅಂದರೆ ನೋಡಲು ಚೆನ್ನಾಗಿದ್ದರೂ ನಾನು ಬದಲಾಯಿಸುತ್ತೇನೆ. ಬಿಲ್ ಇದೆ, ಸರಿಯಾದ ನಂಬರಿನ ಪ್ಲಗ್ ಇದೆ, ಬಣ್ಣ ಸರಿಯಿದೆ, ಗ್ಯಾಪ್ ಹೊಸದಕ್ಕಿಂತ 0.1ಕ್ಕಿಂತ ಜಾಸ್ತಿ ಅಗಲವಾಗಿಲ್ಲ ಅಂದರೆ ಹಾಗೇ ವಾಪಸ್ ಹಾಕಿಸಿ ಧೈರ್ಯವಾಗಿ ಓಡಿಸುತ್ತೇನೆ. 0.7 ಇದ್ದದ್ದು 0.9 ಆಗಿದ್ದರೆ ಮೀಟರ್ ಏನೇ ಹೇಳಲಿ, ಕಾಯುವುದಿಲ್ಲ. ರೀಮ್ಯಾಪ್ ಆದ ಗಾಡಿ ಆದರೆ ಮ್ಯಾನ್ಯುಯಲ್ ಲೆಕ್ಕವನ್ನು ಅರ್ಧಕ್ಕೆ ಇಳಿಸಿಕೊಳ್ಳುತ್ತೇನೆ. ಇನ್ನು ಒಂದನ್ನು ಮಾತ್ರ ಬದಲಾಯಿಸುವುದು ಬೇಡ, ಹಾಕಿದರೆ ನಾಲ್ಕೂ ಒಟ್ಟಿಗೆ.

ಹೊಸದು ಹಾಕಿಸಿದ ಮೇಲೆ ನಿಮ್ಮ ಗಾಡಿಗೆ, ನಿಮ್ಮ ರಸ್ತೆಗೆ ತಕ್ಕ ಅವಧಿಯನ್ನು ನೀವೇ ಕಂಡುಹಿಡಿಯಬಹುದು. ಹಾಕುವ ಮೊದಲು ಪ್ರತಿ ಪ್ಲಗ್ಗಿನ ಗ್ಯಾಪ್ ಅಳೆದು, ಮೀಟರ್ ರೀಡಿಂಗ್ ಜೊತೆ ಸರ್ವಿಸ್ ಪುಸ್ತಕದಲ್ಲಿ ಬರೆದಿಡಿ. 15,000 ಕಿಲೋಮೀಟರ್ ಆದ ಮೇಲೆ ಸುಲಭವಾಗಿ ಕೈಗೆ ಸಿಗುವ ಒಂದು ಪ್ಲಗ್ ಬಿಚ್ಚಿ ಮತ್ತೆ ಅಳೆಯಿರಿ. 0.75 ಇದ್ದದ್ದು 0.80 ಆಗಿದೆ ಅಂದುಕೊಳ್ಳಿ. ಅದೇ ವೇಗದಲ್ಲಿ ಸವೆದರೆ 45,000ಕ್ಕೆ 0.90, 60,000ಕ್ಕೆ 0.95. ತಿಂಗಳಿಗೆ ನಾಲ್ಕು ಸಲ ಶಿರಾಡಿ ಹತ್ತಿ ಇಳಿಯುವ ಟರ್ಬೊ ಗಾಡಿ ಇದಾದರೆ, ಮ್ಯಾನ್ಯುಯಲ್ 60,000 ಅಂದರೂ ನಾನು ಪುಸ್ತಕದಲ್ಲಿ 45,000 ಅಂತಲೇ ಗುರುತು ಹಾಕಿಕೊಳ್ಳುತ್ತೇನೆ.